ಮಾಸ್ತರನ್ನು ಕೊಯ್ಯದೆ ಬಿಟ್ಟ ವರ್ಷ

ಆ ವರ್ಷ ನನಗೆ ಖರ್ಚಾದದ್ದು ಒಂದು ಮರ. ಕಡಿದು ಹೋದ ಮರವಲ್ಲ, ಹಳ್ಳದ ದಂಡೆಯಲ್ಲಿ ಇವತ್ತಿಗೂ ನಿಂತಿದೆ. ಅದರ ಒಂದು ಹಂಗಾಮಿನ ಮಿಡಿ ಪೂರ್ತಿ ಕೊಂಬೆಯ ಮೇಲೆಯೇ ಬಲಿತು ಕೈತಪ್ಪಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಸುತ್ತಿದವಳು ನಾನು, ಅಂಥ ಮಿಡಿ ಇನ್ನೊಂದು ಮರದಲ್ಲಿ ಕಂಡಿಲ್ಲ. ಮೋಡ ಕವಿದು ಹೂವು ಉದುರಿದ್ದು ನೋಡಿದ್ದೇನೆ, ಮಂಗಗಳು ನುಗ್ಗಿ ಬೆಳಗಾಗುವುದರೊಳಗೆ ಕೊಂಬೆ ಬರಿದಾದದ್ದು ನೋಡಿದ್ದೇನೆ. ಟಿವಿಯವರು ಒಂದು ಫೋಟೊದ ಮೇಲೆ ಕೆಂಪು ಸುತ್ತು ಹಾಕಿದ ಕಾರಣಕ್ಕೆ ಮರ ಕಳೆದುಕೊಂಡದ್ದು ಮಾತ್ರ ಅದೊಂದೇ ಸಲ.

ಇವತ್ತು ಬೆಳಿಗ್ಗೆ ಸಾಗರದ ನನ್ನ ಶೆಡ್ಡಿನ ಮುಂದೆ ಗೂಡ್ಸ್ ಆಟೊ ನಿಂತು ಬುಟ್ಟಿಗಳು ಇಳಿದಾಗ, ರೂಢಿಯಂತೆ ಒಂದು ಮಿಡಿ ಎತ್ತಿ ತೊಟ್ಟು ಮುರಿದೆ. ಸೊನೆ ಚಿಮ್ಮಿ ಹೆಬ್ಬೆರಳ ಮೇಲೆ ಬಿತ್ತು. ಮೊದಲು ಜೀರಿಗೆಯ ವಾಸನೆ, ಆಮೇಲೆ ಕರ್ಪೂರ, ಅದರ ಹಿಂದೆ ಎಲ್ಲೋ ನೀರು ಹರಿದ ಕಲ್ಲಿನ ತಂಪು. ಯಾವ ಮರದ್ದು ಎಂದು ಯಾರೂ ಹೇಳಬೇಕಾಗಲಿಲ್ಲ. ತಗಡಿನ ಮಾಡು, ಉಪ್ಪಿನ ಚೀಲಗಳು, ರಸ್ತೆಯ ಬಸ್ಸಿನ ಹಾರ್ನು ಎಲ್ಲ ನಿಧಾನಕ್ಕೆ ಮಸುಕಾದವು. ನಾನು ಆ ವರ್ಷದ ಮಾಘದ ಮಂಜಿನೊಳಗೆ ನಿಂತಿದ್ದೆ. ಮಂಜಿನಾಚೆ ಒಂದು ಗೇಟು ಇತ್ತು.

ಅಪ್ಪೆಮಿಡಿಯನ್ನು ಭರಣಿಯಲ್ಲಷ್ಟೇ ಕಂಡವರಿಗೆ ಒಂದು ಮಾತು. ಅದು ಹೊಳೆ-ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆದ ಕಾಡುಮಾವಿನ ಎಳೆಯ ಕಾಯಿ. ಗೊರಟು ಗಟ್ಟಿಯಾಗುವ ಮೊದಲು, ತೊಟ್ಟು ಮುರಿಯದ ಹಾಗೆ ಕೊಯ್ದು, ನೆಲಕ್ಕೆ ಬೀಳಿಸದೆ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಇಳಿಸಬೇಕು. ಒಂದು ಮರಕ್ಕೆ ಅಂಥ ಹದ ಬರುವುದು ಒಂದು ವಾರ, ಹೆಚ್ಚೆಂದರೆ ಇನ್ನೆರಡು ದಿನ. ಆ ವಾರ ತಪ್ಪಿದರೆ ಅದು ಬರೀ ಹುಳಿ ಮಾವಿನಕಾಯಿ. ಹಾಗಾಗಿ ನಮ್ಮ ವ್ಯಾಪಾರದಲ್ಲಿ ಬಂಡವಾಳ ದುಡ್ಡಲ್ಲ. ಯಾವ ಮರಕ್ಕೆ ಯಾವತ್ತು ಹದ ಬರುತ್ತದೆ ಎಂಬ ಸುದ್ದಿಯೇ ಬಂಡವಾಳ. ಆ ಸುದ್ದಿ ಇನ್ನೊಬ್ಬ ವ್ಯಾಪಾರಿಯ ಕಿವಿಗೆ ಬಿದ್ದರೆ ಅವನು ಒಂದು ದಿನ ಮೊದಲು ಹೋಗಿ ಎಳಸನ್ನೇ ಕೊಯ್ದುಬಿಡುತ್ತಾನೆ.

ಗೇಣಿ ಮಾಡಿಕೊಂಡಿದ್ದವರ ಮನೆಯ ಮಗಳು ನಾನು. ಬಸ್‌ಸ್ಟ್ಯಾಂಡಿನಲ್ಲಿ ಉಪ್ಪಿನಕಾಯಿ ಬಾಟಲಿ ಮಾರಿ ಶುರು ಮಾಡಿದವಳು. ಚೌಕಾಸಿಯನ್ನು ಯಾರೂ ಹೇಳಿಕೊಡಲಿಲ್ಲ, ಮೋಸ ಹೋಗಿ ಹೋಗಿ ಕಲಿತದ್ದು. ಕಲಿತದ್ದರಲ್ಲಿ ಮೊದಲ ಪಾಠ 'ನಿನ್ನೆ ಬಂದವನು'. ಯಾವ ಮರದ ಯಜಮಾನನ ಹತ್ತಿರ ಹೋದರೂ ಅವನೊಬ್ಬ ಬಂದು ಹೋಗಿರುತ್ತಾನೆ. "ನಿನ್ನೆ ಒಬ್ರು ಬಂದಿದ್ರು ಗಿರಿಜಕ್ಕ, ನಿಮಗಿಂತ ಜಾಸ್ತಿಗೆ ಕೇಳಿ ಹೋದ್ರು." ಯಾರು? ಹೆಸರು ಗೊತ್ತಿಲ್ಲ. ಯಾವೂರು? ಆ ಕಡೆಯವರು. ಫೋನ್ ನಂಬರ್? ಕೊಡ್ಲಿಲ್ಲ. ಇಷ್ಟು ವರ್ಷದಲ್ಲಿ ಆ ಮನುಷ್ಯನನ್ನು ನಾನು ಒಂದು ಸಲವೂ ಕಂಡಿಲ್ಲ. ಆದರೆ ಅವನ ಮಾತಿನ ಮೇಲೆ ಎಷ್ಟು ಮರಗಳ ಬೆಲೆ ಏರಿದೆಯೋ!

ಆ ವರ್ಷ ನನ್ನ ಜೊತೆ ಇದ್ದವರು ಇಬ್ಬರು. ಮರ ಹತ್ತುವವನು ತಿಮ್ಮಣ್ಣ. ಚಗಳಿ ಇರುವೆ ಮೈತುಂಬ ಹರಿದರೂ ಕೊಂಬೆಯ ಮೇಲೆ ಕೂತು ಬೀಡಿ ಕಟ್ಟಿನ ಬೆಲೆಯ ಬಗ್ಗೆ ಮಾತಾಡಬಲ್ಲವನು. ಇನ್ನೊಬ್ಬ ಕೋಣಂದೂರಿನ ನಜೀರಣ್ಣ, ಗೂಡ್ಸ್ ಆಟೊದವನು. ಅವನನ್ನು ಬರೀ ಡ್ರೈವರ್ ಎಂದರೆ ತಪ್ಪಾಗುತ್ತದೆ. ಹೊಳೆದಂಡೆಯ ಯಾವ ಮನೆಯ ಗೇಟಿನ ಮುಂದೆ ಅವನ ಆಟೊ ನಿಂತರೂ ನಾಯಿ ಬೊಗಳುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಹಿತ್ತಲಿಗೆ ಹೋಗಿ ಮರದ ಬುಡದಲ್ಲಿ ಬುಟ್ಟಿ ಇಡಬಹುದಾಗಿತ್ತು. ಮನೆಯ ಹೆಂಗಸರು ಒಳಗಿನಿಂದಲೇ "ನಜೀರಾ, ಪೇಟೆಯಿಂದ ಬರ್ತಾ ಮಾತ್ರೆ ತರ್ತ್ಯಾ?" ಎಂದು ಕೂಗುತ್ತಿದ್ದರು. ಚೌಕಾಸಿ ಮಾಡಿ ನಾನು ಮಿಡಿ ಕೊಳ್ಳಬಲ್ಲೆ. ಅವನ ಹಾಗೆ ಮುಚ್ಚಿದ ಗೇಟು ತೆಗೆಸಲಾರೆ. ನನ್ನ ವ್ಯಾಪಾರ ನಿಂತಿದ್ದೇ ಅವನ ಆ ಒಂದು ಹೆಸರಿನ ಮೇಲೆ.

ಹಿಂದಿನ ವರ್ಷ ನಮ್ಮ ಸುದ್ದಿ ಸೋರಿ ಸೋರಿ ಅರ್ಧ ಮರಗಳು ಕೈತಪ್ಪಿದ್ದವು. ಹಾಗಾಗಿ ಆ ವರ್ಷ ನಾನು ಸಾಗರದ ಮೊಬೈಲ್ ಅಂಗಡಿಗೆ ಹೋಗಿ ಕೇಳಿದೆ: ಮಾತಿಗೆ ಬೀಗ ಹಾಕುವಂಥದ್ದು ಏನಾದರೂ ಇದೆಯಾ? ಅಂಗಡಿಯವರು ಒಂದು ಆ್ಯಪ್ ಹಾಕಿಕೊಟ್ಟರು. ಕಳಿಸಿದವರು, ಪಡೆದವರು ಬಿಟ್ಟು ಮಧ್ಯದಲ್ಲಿ ಯಾರೂ ಓದಲಾಗದು. ಒಂದು ದಿನ ಕಳೆದರೆ ಮೆಸೇಜು ತಾನಾಗಿ ಅಳಿಸಿಹೋಗುತ್ತದೆ. "ಅಯ್ಯೋ, ಇದರಲ್ಲೇನೂ ದೊಡ್ಡದಿಲ್ಲ ಅಕ್ಕ. ನಿಮ್ಮ ಬ್ಯಾಂಕಿನ ಆ್ಯಪಿಗೂ ಹೆಚ್ಚುಕಮ್ಮಿ ಇಂಥದ್ದೇ ಬೀಗ. ದಿನಾ ಗುಡ್ ಮಾರ್ನಿಂಗ್ ಹೂವು ಕಳಿಸ್ತಾರಲ್ಲ, ಅದಕ್ಕೂ ಇದೇ" ಎಂದರು.

ಅಷ್ಟಕ್ಕೇ ಬಿಡದೆ ಮರಗಳಿಗೂ ಗುಟ್ಟಿನ ಹೆಸರಿಟ್ಟೆವು. ದನದ ಡಾಕ್ಟರ ಮನೆಯ ಹಿಂದಿನದು ಡಾಕ್ಟರು. ಮಂಡಗದ್ದೆಯ ಹೊಳೆ ಬದಿಯಲ್ಲಿ ಯಾರ ಮನೆಯೂ ಹತ್ತಿರವಿಲ್ಲದೆ ಒಂಟಿಯಾಗಿ ನಿಂತದ್ದು ಅಜ್ಜಿ. ಕೋಣಂದೂರಿನಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ, ಹಳ್ಳದ ಪಕ್ಕ, ರಿಟೈರಾದ ಮೇಷ್ಟ್ರೊಬ್ಬರ ಹಿತ್ತಲಲ್ಲಿದ್ದದ್ದು ಮಾಸ್ತರು. ಮರದ ಯಜಮಾನರಿಗೆ ಇದನ್ನು ಹೇಳುವ ಪ್ರಮೇಯವೇ ಬರಲಿಲ್ಲ.

ಈಗ ನೆನೆದರೆ ಆ ಮೊದಲ ವಾರಗಳು ಯಾರೋ ಅರೆನಿದ್ದೆಯಲ್ಲಿ ಹೇಳಿದ ಕತೆಯ ಹಾಗಿವೆ. ಮಂಜಿನಲ್ಲಿ ಆಟೊದ ಬೆಳಕು ಹಾಲಿನಂತೆ ಚೆಲ್ಲಿಕೊಂಡು ಹೋಗುತ್ತಿತ್ತು. ಮರದ ಮೇಲಿರುವ ತಿಮ್ಮಣ್ಣ ಕಾಣುತ್ತಿರಲಿಲ್ಲ. ಅವನ ಕೆಮ್ಮು ಮಾತ್ರ ಮೇಲಿನಿಂದ ಬರುತ್ತಿತ್ತು, ಅದರ ಹಿಂದೆಯೇ ಹಗ್ಗ, ಹಗ್ಗದ ತುದಿಯಲ್ಲಿ ಬುಟ್ಟಿ. ಬುಟ್ಟಿಯೊಳಗೆ ಇಬ್ಬನಿ ಹೊತ್ತ ಹಸಿರು ಮಿಡಿಗಳು, ಮೋಡವೇ ಕೈ ನೀಡಿ ಕೊಟ್ಟ ಹಾಗೆ. ನಾನು ಕಲ್ಲಿನ ಮೇಲೆ ಕೂತು ಫೋನು ನೋಡುತ್ತಿದ್ದೆ. ನಮ್ಮ ಮೂವರ ಮಾತುಗಳು ಬೀಗ ಹಾಕಿಕೊಂಡು ಆ ಮಂಜಿನ ಮೇಲೆ ಎಲ್ಲೋ ಹಾರಿ ಹೋಗಿ, ಮತ್ತೆ ನಮ್ಮ ಕೈಯಲ್ಲೇ ತೆರೆದುಕೊಳ್ಳುತ್ತಿದ್ದವು, ಒಂದು ದಿನವಿದ್ದು ಇಬ್ಬನಿಯ ಹಾಗೆ ಆರಿಹೋಗುತ್ತಿದ್ದವು. ಹಣ ಲೆಕ್ಕ ಹಾಕುವ ನನ್ನಂಥವಳಿಗೂ ಅದು ಚೆಂದ ಕಂಡಿತ್ತು.

ಆಗಲೇ ದೂರದ ಊರಲ್ಲೆಲ್ಲೋ ಒಂದು ಕೆಟ್ಟ ಕೆಲಸ ನಡೆಯಿತು. ಜನ ಸತ್ತಿದ್ದರು. ಅದರ ಬಗ್ಗೆ ಹಗುರವಾಗಿ ಮಾತಾಡಲು ನನಗೆ ಮನಸ್ಸಿಲ್ಲ. ಆದರೆ ಎರಡೇ ದಿನದಲ್ಲಿ ಟಿವಿಯಲ್ಲಿ ಸತ್ತವರ ಮುಖಗಳು ಹೋಗಿ ಒಂದು ಆ್ಯಪಿನ ಚಿತ್ರ ಬಂತು. ನನ್ನ ಫೋನಿನಲ್ಲಿದ್ದದ್ದೇ. ಹಿಂದೆ ಢಂಢಂ ಎನ್ನುವ ಸದ್ದು, ಮುಂದೆ "ಉಗ್ರರ ಗುಪ್ತ ಆ್ಯಪ್, ನಿಮ್ಮ ಪಕ್ಕದ ಮನೆಯಲ್ಲೂ ಇರಬಹುದು!" ಕೋಣಂದೂರಿನ ಚಹಾ ಹೋಟೆಲಿನಲ್ಲಿ ಕೂತವರೆಲ್ಲ ತಲೆ ಎತ್ತಿ ನೋಡುತ್ತಿದ್ದರು.

"ಅಲ್ಲ ಸ್ವಾಮಿ," ಎಂದೆ ನಾನು ಹೋಟೆಲಿನವರಿಗೆ, "ಮಾತು ಅಳಿಸಿ ಹೋಗುತ್ತೆ, ಯಾರಿಗೂ ಓದೋಕೆ ಬರಲ್ಲ ಅಂತಾರೆ. ಮತ್ತೆ ಅದನ್ನೇ ದೊಡ್ಡ ಅಕ್ಷರದಲ್ಲಿ ಓದ್ತಿದಾರಲ್ಲ, ಇವರಿಗೆ ಎಲ್ಲಿ ಸಿಕ್ತು?"

"ಮೂಲಗಳು ಹೇಳಿದಾವಂತೆ ಗಿರಿಜಕ್ಕ."

"ಯಾವ ಮೂಲ?"

"ಅದನ್ನ ಹೇಳಲ್ಲ. ಅದು ಗುಪ್ತ."

ನನಗೆ ನಗು ಬಂತು. ಎಷ್ಟೋ ವರ್ಷದಿಂದ ಹುಡುಕುತ್ತಿದ್ದ ಮನುಷ್ಯ ಕೊನೆಗೂ ಸಿಕ್ಕಿದ್ದ. ನಿನ್ನೆ ಬಂದವನು ಟಿವಿಯಲ್ಲಿ ಕೆಲಸಕ್ಕೆ ಸೇರಿದ್ದ.

ಕೆಟ್ಟವರು ಆ ಆ್ಯಪ್ ಬಳಸುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಳಸಿರಬಹುದು. ಅವರು ಬಸ್ಸೂ ಹತ್ತಿರುತ್ತಾರೆ, ಚಹಾವನ್ನೂ ಕುಡಿದಿರುತ್ತಾರೆ. ನನಗೆ ಅನುಮಾನ ಬಂದದ್ದು ಸರಕಿನ ಮೇಲಲ್ಲ, ಮಾರುವವರ ದನಿಯ ಮೇಲೆ. ಒಳ್ಳೆಯ ಮಿಡಿ ಇಟ್ಟುಕೊಂಡವನು ಕೂಗುವುದಿಲ್ಲ. ಕೈಗೆ ಒಂದು ಕೊಟ್ಟು ಸುಮ್ಮನಿರುತ್ತಾನೆ. ಈ ಟಿವಿಯವರು ತೊಟ್ಟು ಮುರಿಯಲು ಬಿಡುತ್ತಲೇ ಇರಲಿಲ್ಲ. ಒಂದು ದಿನ ಒಂದು ಆ್ಯಪಿನ ಹೆಸರು, ಮಾರನೇ ದಿನ ಇನ್ನೊಂದರದ್ದು. ಒಂದು ವಾರವಾದ ಮೇಲೆ ನಾನು ಮಿಡಿ ಕಟ್ಟಲು ಹಾಸಿದ್ದ ಪೇಪರಿನ ಒಳಪುಟದಲ್ಲಿ, ಬೆರಳಗಲದ ಜಾಗದಲ್ಲಿ, ಆ ಕೆಟ್ಟ ಕೆಲಸ ಮಾಡಿದವರು ಮಾಮೂಲಿ ಫೋನಿನಲ್ಲೇ ಮಾತಾಡಿಕೊಂಡಿದ್ದರು ಎಂದು ಬಂದಿತ್ತು. ಅದಕ್ಕೆ ಢಂಢಂ ಇರಲಿಲ್ಲ.

ಆದರೆ ಆ ಒಂದು ವಾರದೊಳಗೆ ನಮ್ಮ ಕತೆ ಮುಗಿದಿತ್ತು.

ಗುರುವಾರ ಬೆಳಿಗ್ಗೆ ಮಾಸ್ತರ ಹದ. ನಜೀರಣ್ಣ ಹಾರ್ನು ಹೊಡೆದ. ಗೇಟಿಗೆ ಸರಪಳಿ ಬಿಗಿದು ಬೀಗ ಹಾಕಿತ್ತು. ಆ ಗೇಟಿಗೆ ಬೀಗ ಇದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಾಯಿಯನ್ನು ಒಳಗೆ ಕಟ್ಟುವ ಬದಲು ಗೇಟಿನ ಹತ್ತಿರವೇ ಕಟ್ಟಿದ್ದರು. ಅದು ಪಾಪ ಏನು ಮಾಡಬೇಕೆಂದು ತಿಳಿಯದೆ ನಜೀರಣ್ಣನನ್ನು ನೋಡಿ ಬಾಲ ಆಡಿಸಿತು.

ಮೇಷ್ಟ್ರು ಜಗಲಿಯ ಮೇಲೆ ಬಂದು ನಿಂತರು. ಶಾಲು ಹೊದ್ದಿದ್ದರು. "ಈ ವರ್ಷ ಮಿಡಿ ಕೊಡಲ್ಲ ಗಿರಿಜಾ. ಹೋಗು."

"ಮಾತಾಗಿತ್ತಲ್ಲ ಮಾಸ್ತ್ರೇ?"

"ಮಾತಿಲ್ಲ, ಎಂಥದೂ ಇಲ್ಲ."

"ನಮಸ್ಕಾರ ಮಾಸ್ತ್ರೇ," ಎಂದ ನಜೀರಣ್ಣ. ಅವನು ಅವರ ಕ್ಲಾಸಿನಲ್ಲೇ ಕೂತು ಕಾಗುಣಿತ ಕಲಿತವನು. ಆಟೊ ಕೊಂಡ ದಿನ ಮೊದಲು ತಂದು ನಿಲ್ಲಿಸಿದ್ದು ಅವರ ಅಂಗಳದಲ್ಲಿ. ಮೇಷ್ಟ್ರು ಅವನ ಕಡೆ ನೋಡಲಿಲ್ಲ. ಹಿತ್ತಲ ಕಡೆ ಮಂಜಿನಲ್ಲಿ ಮರ ಅರ್ಧ ಕಾಣುತ್ತಿತ್ತು, ಗೊಂಚಲು ಗೊಂಚಲಾಗಿ ಮಿಡಿ ಹೊತ್ತು, ನಮ್ಮನ್ನೇ ಕಾಯುತ್ತಿರುವ ಹಾಗೆ.

ವಾಪಸು ಬರುವಾಗ ಹೋಟೆಲಿನ ಮುಂದೆ ಆಟೊ ನಿಲ್ಲಿಸಿದೆವು. ಮಾತಾಡುತ್ತಿದ್ದವರೆಲ್ಲ ನಿಲ್ಲಿಸಿದರು. ಯಾರೋ ಒಬ್ಬರು ಫೋನು ತೆಗೆದು, ನಿನ್ನೆ ಸಂಜೆ ಟಿವಿಯಲ್ಲಿ ಬಂದದ್ದನ್ನು ನನಗೊಬ್ಬಳಿಗೆ ತೋರಿಸಿದರು. "ಮಲೆನಾಡಿನಲ್ಲೂ ಗುಪ್ತ ಜಾಲ?" ಎಂದು ಮೇಲೆ ಬರೆದಿತ್ತು. ಕೆಳಗೆ ಆ್ಯಪಿನಲ್ಲಿ ನಮ್ಮ ಮೂವರ ಗುಂಪಿನ ಮಾತುಕತೆಯ ಫೋಟೊ. ನಜೀರಣ್ಣನ ಹೆಸರು, ಅದರ ಪಕ್ಕ ಅವನದೇ ಮೆಸೇಜು:

'ಡಾಕ್ಟ್ರನ್ನ ಮುಗಿಸಿ ಆಯ್ತು. ಗುರುವಾರ ಬೆಳಿಗ್ಗೆ ಮಾಸ್ತ್ರನ್ನ ಕೊಯ್ಯೋದು. ಗೋಣಿಚೀಲ, ಹಗ್ಗ ತರ್ತೀನಿ. ಯಾರಿಗೂ ಸುದ್ದಿ ಹೋಗ್ಬಾರ್ದು.'

ಅದರ ಕೆಳಗೆ ನನ್ನ ಉತ್ತರ: 'ಸರಿ. ನಿಧಾನಕ್ಕೆ ಇಳಿಸಿ. ಪೆಟ್ಟಾಗಬಾರ್ದು,'

ಪರದೆಯ ಮೇಲೆ ಎರಡು ಹೆಸರಿದ್ದವು. ಕೆಂಪು ಸುತ್ತು ಬಿದ್ದದ್ದು ಒಂದರ ಮೇಲೆ ಮಾತ್ರ. ನನ್ನ ಉತ್ತರದ ಕೊನೆಗೆ 'ಸೊನೆ ಸೋರಬಾರ್ದು' ಎಂದಿದ್ದ ಕಡೆ ಫೋಟೊವನ್ನೇ ಕತ್ತರಿಸಿದ್ದರು. ಸೊನೆ ಎಂಬ ಅದೊಂದು ಪದ ಉಳಿದಿದ್ದರೆ ಮಲೆನಾಡಿನ ಮಗುವಿಗೂ ಅದು ಮಾವಿನ ಮಾತೆಂದು ಗೊತ್ತಾಗುತ್ತಿತ್ತು.

ಬೀಗ ಹಾಕಿದ ಮಾತು ಹೊರಗೆ ಬಂದದ್ದಾದರೂ ಹೇಗೆ? ತಿಮ್ಮಣ್ಣ ತಲೆ ಕೆರೆದುಕೊಂಡ. "ಅಕ್ಕಾ, ಅದು ಬೆಳಗಾದ್ರೆ ಅಳಿಸಿ ಹೋಗ್ತಿತ್ತಲ್ಲ. ನಂಗೆ ಯಾವತ್ತು ಯಾವ ಮರ ಅಂತ ಮರ್ತು ಹೋಗ್ತಿತ್ತು. ಅದಕ್ಕೆ ಹೋಟ್ಲಿನೋರ ಹತ್ರ ಅವರ ಫೋನಲ್ಲಿ ಒಂದು ಫೋಟೊ ಹೊಡ್ದಿಡಿ ಅಂತಿದ್ದೆ. ದಿನಾ ಚಾ ಕುಡಿಯೋಕೆ ಬಂದಾಗ ನೋಡ್ಕಂಡು ಹೋಗ್ತಿದ್ದೆ."

ಆ ಟಿವಿಯವರು ಊರೂರು ಸುತ್ತುತ್ತಾ ಹೋಟೆಲಿಗೆ ಬಂದು, ನಿಮ್ಮ ಕಡೆ ಯಾರಾದರೂ ಈ ಆ್ಯಪ್ ಬಳಸುತ್ತಾರಾ ಎಂದು ಕೇಳಿದ್ದರಂತೆ. ಹೋಟೆಲಿನವರು ಊರಿನ ಮಾನ ಕಾಪಾಡಲೆಂದು "ನಮ್ಮಲ್ಲೂ ಇದೆ, ನೋಡಿ" ಎಂದು ಫೋನು ತೆಗೆದು ತೋರಿಸಿದ್ದರಂತೆ. ಕೆಟ್ಟ ಮನುಷ್ಯರಲ್ಲ. ಪೇಟೆಯವರಿಗಿರುವುದೆಲ್ಲ ನಮಗೂ ಇದೆ ಎಂದು ಹೇಳುವ ಆಸೆ, ಅಷ್ಟೇ.

"ಬಂದವರು ಫೋಟೊ ತಗೊಂಡ್ರು. ಯಾರ ಮನೆಯೋರು, ಏನ್ ಕೆಲಸ ಅಂತ ಒಂದು ಮಾತೂ ಕೇಳ್ಲಿಲ್ಲ ಗಿರಿಜಕ್ಕ," ಎಂದರು ಹೋಟೆಲಿನವರು ಲೋಟ ಒರೆಸುತ್ತಾ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

ನಜೀರಣ್ಣ ಅದನ್ನು ಒಂದೇ ಸಲ ನೋಡಿದ. ಆಮೇಲೆ ತನ್ನ ಫೋನಿನಿಂದ ಆ್ಯಪ್ ತೆಗೆದುಹಾಕಿದ. "ಇದು ಬೇಡ ಅಕ್ಕ ನಂಗೆ," ಎಂದ.

"ತೆಗೆದ್ರೆ ತಪ್ಪು ಮಾಡಿದೀನಿ ಅಂದಂಗಾಗುತ್ತೆ ನಜೀರಣ್ಣ."

"ಇಟ್ಕಂಡ್ರೆ ಏನಂದಂಗಾಗುತ್ತೆ?"

ಮಾತಿಗೆ ಮಾತು ಕೊಟ್ಟು ಬದುಕಿದ ನಾನು ಚಹಾದ ದುಡ್ಡು ಕೊಟ್ಟು ಆಟೊ ಹತ್ತಿದೆ.

ಠಾಣೆಯಿಂದ ಕರೆ ಬಂತು. ಹೋದೆವು. ಅಲ್ಲಿದ್ದ ಸಾಹೇಬರು ಇದೇ ನೆಲದವರು, ಹೋಟೆಲಿನವರ ಫೋನಿನಲ್ಲಿದ್ದ ಫೋಟೊ ತರಿಸಿ ಮೆಸೇಜು ಪೂರ್ತಿ ಓದುತ್ತಿದ್ದಂತೆ ಮುಖ ಸಡಿಲವಾಯಿತು. "ನಂದೊಂದು ಭರಣಿ ಹಾಕ್ಕೊಡಿ ಆಮೇಲೆ," ಎಂದು ನಕ್ಕು ಕಳಿಸಿದರು. ಆ ನಗುವನ್ನು ಯಾವ ಟಿವಿಯೂ ತೋರಿಸಲಿಲ್ಲ. ಒಂದು ಸಂಜೆಯಲ್ಲಿ ಹೊರಗೆ ಬಿದ್ದ ಮಾತು ಊರೂರಿನ ಗೇಟಿಗೆ ಬೀಗವಾಗಿ ಕೂತಿತ್ತು. ಆಗಲೇ ಮಿಡಿ ಕೊಟ್ಟಾಗಿದ್ದ ಡಾಕ್ಟರ ಮನೆಯವರೂ ಫೋನು ಎತ್ತಲಿಲ್ಲ. ಇನ್ನೊಂದು ಮನೆಯವರು "ನೀವೊಬ್ರೇ ಬನ್ನಿ ಗಿರಿಜಕ್ಕ, ಅವರು ಬೇಡ" ಎಂದರು. ನಾನು ಹೋಗಲಿಲ್ಲ. ಹೋಗಬಹುದಿತ್ತು, ಬೇರೆ ಗಾಡಿಯೂ ಸಿಗುತ್ತಿತ್ತು. ಆದರೆ ನಜೀರಣ್ಣನನ್ನು ಬಿಟ್ಟು ಒಂದು ಬುಟ್ಟಿ ಇಳಿಸಿದರೂ ಆ ಕೆಂಪು ಸುತ್ತಿಗೆ ನಾನೂ ಒಂದು ಗೆರೆ ಸೇರಿಸಿದ ಹಾಗಾಗುತ್ತಿತ್ತು.

ಅವನು ಆಟೊ ತೆಗೆಯುವುದನ್ನೇ ಬಿಟ್ಟ. ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಳಗೇ ಕೂತಿರುತ್ತಿದ್ದ. ಆ ದಿನಗಳು ವಿಚಿತ್ರವಾಗಿ ಚೆಂದವಿದ್ದವು, ಅದೇ ನನಗೆ ಹೆಚ್ಚು ನೋಯಿಸಿತು. ಮಧ್ಯಾಹ್ನದ ಬಿಸಿಲಿಗೆ ಇಡೀ ಕಣಿವೆ ಸೊನೆಯ ವಾಸನೆ ಬೀರುತ್ತಿತ್ತು. ನಾನು ಮಂಡಗದ್ದೆಗೆ ಹೋಗಿ ಅಜ್ಜಿ ಮರದ ಕೆಳಗೆ ಕೂತೆ. ಮಳೆಗಾಲಕ್ಕೆ ಬರುವ ಹಕ್ಕಿಗಳ ಗೂಡುಗಳು ನಡುಗಡ್ಡೆಯ ಮರಗಳಲ್ಲಿ ಖಾಲಿ ನಿಂತಿದ್ದವು. ತುಂಗೆ ಕಲ್ಲುಗಳ ನಡುವೆ ತೆಳ್ಳಗೆ, ಯಾರ ಮಾತನ್ನೂ ಕೇಳಿಸಿಕೊಳ್ಳದವಳ ಹಾಗೆ ಹರಿಯುತ್ತಿದ್ದಳು. ಮಿಡಿಗಳು ನನ್ನ ತಲೆಯ ಮೇಲೆ ಗಂಟೆಗಂಟೆಗೂ ಬಲಿಯುತ್ತಿದ್ದವು. ಹಾಗೆ ಕೂತಿರುವಾಗ ಒಂದು ವಿಷಯ ಸ್ಪಷ್ಟವಾಯಿತು: ಬೀಗ ತೆಗೆಸಬೇಕಾದದ್ದು ಎಲ್ಲ ಗೇಟಿನದ್ದಲ್ಲ, ಒಂದರದ್ದು ಮಾತ್ರ. ಮಾಸ್ತರ ಗೇಟು ತೆಗೆದರೆ ಉಳಿದವರಿಗೆ ಮುಚ್ಚಿಡಲು ನೆಪವಿರುವುದಿಲ್ಲ.

ಮಾರನೇ ದಿನ ಅಲ್ಲಿಗೆ ಹೋದೆ, ಒಬ್ಬಳೇ. ಗೇಟಿನ ಹೊರಗೇ ನಿಂತೆ.

"ಆ ಗುಂಪಲ್ಲಿ ನೀನೂ ಇದ್ದೀಯಂತೆ?" ಎಂದರು ಮೇಷ್ಟ್ರು.

"ಗುಂಪು ಮಾಡಿದ್ದೇ ನಾನು ಮಾಸ್ತ್ರೇ."

"ನನ್ನನ್ನ ಕೊಯ್ಯೋದು ಅಂತ ಬರ್ದಿದೆಯಲ್ಲೇ!"

"ನಿಮ್ಮನ್ನಲ್ಲ..."

"ಮಾಸ್ತರು ಅಂದ್ರೆ ಈ ಸುತ್ತಿನಲ್ಲಿ ನಾನಲ್ದೆ ಇನ್ಯಾರು?" ಹೆದರಿಕೆಯ ಜೊತೆಗೆ ಅವರ ದನಿಯಲ್ಲಿ ಒಂದು ಚೂರು ಹೆಮ್ಮೆಯೂ ಇತ್ತು. ದೇಶದ ಶತ್ರುಗಳು ಇಷ್ಟು ದೂರ ಹುಡುಕಿಕೊಂಡು ಬಂದದ್ದು ತನ್ನನ್ನು ಎಂದು.

ಅವರ ಹೆಂಡತಿ ಶಾರದಮ್ಮ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದರು. "ಗಿರಿಜಾ, ಗುರುವಾರ ಅಂತ ಅಲ್ವನೇ ಬರ್ದಿದ್ದು? ಗುರುವಾರವೇ ಅಲ್ವಾ ನೀವು ಮಿಡಿಗೆ ಬರ್ತೀವಿ ಅಂತ ಹೇಳಿ ಹೋಗಿದ್ದು?"

"ಹೌದು ಶಾರದಮ್ಮ."

ಅವರು ನನ್ನನ್ನು ನೋಡಿದರು, ಹಿತ್ತಲನ್ನು ನೋಡಿದರು, ಕೊನೆಗೆ ಗಂಡನನ್ನು. ಆಮೇಲೆ ತಮ್ಮ ಮನೆಮಾತಾದ ಹವ್ಯಕ ಕನ್ನಡದಲ್ಲೇ ಶುರು ಮಾಡಿದರು: "ಅಯ್ಯೋ, ಎಂತದ್ರೀ ಇದು! ಮಾಸ್ತ್ರು ಹೇಳಿರೆ ನಿಂಗ ಅಲ್ಲ, ಎಂಗ್ಳ ಹಿತ್ಲ ಮರ! ಅದಕ್ಕೆ ನಿಂಗ್ಳ ಹೆಸ್ರು ಇಟ್ಟಿದ್ದ!" ನಗು ತಡೆಯಲಾಗದೆ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ಗಲ್ಲದ ತುಂಬ ಅಕ್ಕಿಹಿಟ್ಟಿನ ಬೆರಳು ಮೂಡಿತು.

ಮೇಷ್ಟ್ರು ಜಗಲಿಯ ಮೇಲೆ ಕೂತುಬಿಟ್ಟರು. ಹಿತ್ತಲ ಕಡೆ ತಿರುಗಿ ನೋಡಿದರು. ತನ್ನ ಹೆಸರಿನ ಮರವನ್ನು ಮೊದಲ ಸಲ ನೋಡುವವರ ಹಾಗೆ.

"ಕೊಯ್ಯೋದು," ಎಂದರು ತಮ್ಮಷ್ಟಕ್ಕೆ. "ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು." ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ನಜೀರ ನಮಸ್ಕಾರ ಅಂದ. ನಾನು ಮುಖ ಎತ್ಲಿಲ್ಲ. ನಾಳೆ ಬರೋಕೆ ಹೇಳು ಅವನಿಗೆ."

"ನಾನು ಹೇಳಲ್ಲ ಮಾಸ್ತ್ರೇ."

"ಯಾಕೆ?"

"ಬೀಗ ಹಾಕಿದ್ದು ನೀವು. ಅದೂ ಎಲ್ರಿಗೂ ಕಾಣೋ ಹಂಗೆ. ಹಿತ್ಲಲ್ಲಿ ಕಿವಿಗೆ ಹೇಳಿದ್ರೆ ಆಗಲ್ಲ. ಆ ಸುದ್ದಿ ಎಲ್ಲಿ ಮಾರಾಟ ಆಯ್ತೋ ಅಲ್ಲೇ ವಾಪಸ್ ತಗೋಬೇಕು."

"ಹೋಟೆಲಲ್ಲಾ?"

"ಸಂತೆ ದಿನ."

ನನ್ನ ಬದುಕಿನಲ್ಲಿ ನಾನು ಮಾಡಿದ ದೊಡ್ಡ ಚೌಕಾಸಿ ಅದು. ಒಂದು ಪೈಸೆಯ ಮಾತೂ ಅದರಲ್ಲಿರಲಿಲ್ಲ. ಶಾರದಮ್ಮ ಬಂದು ಸರಪಳಿ ಬಿಚ್ಚಿ, ಅದನ್ನು ಬಾವಿಯ ಹಗ್ಗದ ಪಕ್ಕಕ್ಕೆ ತೂಗುಹಾಕಿದರು.

ಸಂತೆಗೆ ಇನ್ನೂ ದಿನವಿತ್ತು. ಮಾಸ್ತರ ಮಿಡಿಗೆ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಸಂತೆಯ ದಿನ ಎಂದಿದ್ದೆ.

ಸಂತೆಯ ದಿನ ಕೋಣಂದೂರಿನ ಬೀದಿ ತುಂಬಿತ್ತು. ಹೋಟೆಲಿನಲ್ಲಿ ಟಿವಿ ಹಾಡುತ್ತಿತ್ತು. ನಜೀರಣ್ಣ ಎಂದಿನ ಹಾಗೆ ಆಟೊದಲ್ಲಿ ಕೂತಿದ್ದ. ನಾನು ಎದುರಿನ ಅಂಗಡಿಯಲ್ಲಿ ಹಗ್ಗದ ಬೆಲೆ ಕೇಳುವ ನೆಪದಲ್ಲಿ ನಿಂತಿದ್ದೆ. ಮೇಷ್ಟ್ರು ಬಸ್ಸಿನಿಂದ ಇಳಿದರು. ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಕೊಡೆ. ಬಿಸಿಲಲ್ಲಿ ಅವರು ಬರುವ ರೀತಿ ಇಷ್ಟು ವರ್ಷವಾದರೂ ನನ್ನ ಕಣ್ಣ ಮುಂದೆ ತೇಲಿಕೊಂಡೇ ಬರುತ್ತದೆ, ಸುತ್ತಲಿನ ಸಂತೆಯ ಗದ್ದಲವೆಲ್ಲ ನೀರಿನಡಿಗೆ ಹೋದ ಹಾಗೆ. ಹೋಟೆಲಿನ ಮುಂದೆ ಆಟೊದ ಎದುರಿಗೇ ನಿಂತು, ಕ್ಲಾಸಿನ ಕೊನೆಯ ಬೆಂಚಿಗೂ ಕೇಳುತ್ತಿದ್ದ ಆ ಹಳೆಯ ದನಿಯಲ್ಲಿ ಕೂಗಿದರು:

"ಏ ನಜೀರಾ! ನನ್ನನ್ನ ಕೊಯ್ಯೋಕೆ ಯಾವಾಗ ಬರ್ತೀಯೋ?"

ಟಿವಿ ಒಂದು ಬಿಟ್ಟು ಎಲ್ಲವೂ ಸುಮ್ಮನಾಯಿತು. ಹೋಟೆಲಿನವರು ಅದನ್ನೂ ಆರಿಸಿದರು.

ನಜೀರಣ್ಣ ಆಟೊದಿಂದ ಇಳಿದ. ಮೇಷ್ಟ್ರನ್ನು ಮೇಲಿಂದ ಕೆಳಗೆ, ಕಾಯಿ ನೋಡುವ ಹಾಗೆ ನಿಧಾನಕ್ಕೆ ನೋಡಿದ.

"ಬಲಿತು ಹೋಗಿದೀರಿ ಮಾಸ್ತ್ರೇ," ಎಂದ. "ಈ ವರ್ಷ ಆಗಲ್ಲ."

ಮೊದಲು ನಕ್ಕವನು ತಿಮ್ಮಣ್ಣ. ಆಮೇಲೆ ಹೋಟೆಲಿನವರು, ಆಮೇಲೆ ಬೀದಿ. ನಜೀರಣ್ಣ ನಗಲಿಲ್ಲ. ಮೇಷ್ಟ್ರ ಕೊಡೆಯನ್ನು ಇಸಿದುಕೊಂಡು ಆಟೊದ ಒಳಗಿಟ್ಟ, ಸೀಟಿನ ಧೂಳನ್ನು ಕೈಯಿಂದ ಒರೆಸಿದ. "ಹತ್ತಿ. ಬಿಸಿಲಿದೆ. ಮನೆಗೆ ಬಿಡ್ತೀನಿ." ಮೇಷ್ಟ್ರು ಹತ್ತಿದರು. ಆ ಗೇಟಿನೊಳಗೆ ಆಟೊ ಹೋಯಿತಂತೆ. ನಾಯಿ ಬೊಗಳಲಿಲ್ಲವಂತೆ.

ಮರುದಿನ ಡಾಕ್ಟರ ಮನೆಯಿಂದ ಅವರಾಗಿಯೇ ಫೋನು ಬಂತು. ತಡವಾಗಿ ಹೂ ಬಿಟ್ಟ ಮರಗಳು ಕೆಲವು ಉಳಿದಿದ್ದವು. ಅವುಗಳ ಗೇಟು ಒಂದೊಂದಾಗಿ ತೆರೆದವು. ಎಲ್ಲವೂ ತೆರೆಯಲಿಲ್ಲ. ಮಾಸ್ತರ ಕಾಯಿ ಬಲಿತು, ಹಣ್ಣಾಗಿ, ಹಿತ್ತಲ ತುಂಬ ಉದುರಿ, ಬಾವಲಿಗಳಿಗೆ ಹೋಯಿತು. ಅಂಥ ಮರ ಒಂದು ವರ್ಷ ತುಂಬ ಹೊತ್ತರೆ ಮರುವರ್ಷ ಸುಮ್ಮನಿರುತ್ತದೆ. ಹಾಗಾಗಿ ಮುಂದಿನ ಕಾಲವೂ ಹೋಯಿತು. ಆ ಟಿವಿಯವರು ತಪ್ಪಾಯಿತು ಎಂದು ಇವತ್ತಿನವರೆಗೂ ಹೇಳಿಲ್ಲ. ಅವರಿಗೆ ನಾವು ನೆನಪಿರಲಿಕ್ಕೂ ಇಲ್ಲ.

ನಜೀರಣ್ಣ ಮೂರನೇ ವರ್ಷ ಆ ಆ್ಯಪ್ ಮತ್ತೆ ಹಾಕಿಸಿಕೊಂಡ. ನಾನು ಕೇಳಿರಲಿಲ್ಲ. ಇವತ್ತು ಬೆಳಿಗ್ಗೆ ಬುಟ್ಟಿ ಬರುವ ಮೊದಲೇ ಬಂದಿದ್ದ ಅವನ ಮೆಸೇಜನ್ನು ನಾನು ನೋಡಿದ್ದು ಆಮೇಲೆ: 'ಮಾಸ್ತ್ರು ಹೊರಟಿದಾರೆ.' ನಾಳೆಗೆ ಅದು ಅಳಿಸಿ ಹೋಗುತ್ತದೆ.

ಇಷ್ಟು ಕಳೆದುಕೊಂಡು ಕಲಿತದ್ದನ್ನು ನಿಮಗೆ ಬಿಟ್ಟಿಯಾಗಿ ಹೇಳುತ್ತೇನೆ, ಇಟ್ಟುಕೊಳ್ಳಿ. ಮಿಡಿ ಕೊಳ್ಳುವಾಗ ಬುಟ್ಟಿಯ ಮೇಲಿನದನ್ನು ನೋಡಬೇಡಿ, ಅಡಿಯಿಂದ ಒಂದು ತೆಗೆದು ತೊಟ್ಟು ಮುರಿಯಿರಿ. ಸೊನೆ ಚಿಮ್ಮಬೇಕು, ವಾಸನೆ ಬೆರಳಲ್ಲಿ ಉಳಿಯಬೇಕು. ಸುದ್ದಿಗೂ ಅಷ್ಟೇ ಮಾಡಿ: ಹೇಳಿದವರ ಹೆಸರು ಕೇಳಿ, ಫೋಟೊ ಎಲ್ಲಿ ಕತ್ತರಿಸಿದ್ದಾರೆ ನೋಡಿ, ಸುತ್ತು ಹಾಕಿದ ಹೆಸರಿನ ಪಕ್ಕ ಸುತ್ತು ಹಾಕದ ಹೆಸರು ಯಾವುದಿದೆ ಓದಿ. ನಿನ್ನೆ ಬಂದವನ ಮಾತಿನ ಮೇಲೆ ಬೆಲೆ ಕಟ್ಟಬೇಡಿ. ಫೋನಿನ ಬೀಗ ಇರಲಿ, ಯಾರೋ ಹೆದರಿಸಿದರೆಂದು ತೆಗೆಯಬೇಡಿ, ಆದರೆ ಮರೆಯುವ ಜನರಿಗೆ ಮೆಸೇಜು ಒಂದು ದಿನಕ್ಕೆ ಅಳಿಸದಂತೆ ಇಡಿ. ಗೇಟಿಗೆ ಹೊಸ ಬೀಗ ತರುವ ಮುಂಚೆ ನಿಮ್ಮ ನಾಯಿ ಏನು ಮಾಡುತ್ತದೆ ನೋಡಿ. ಮತ್ತೆ, ಮರಕ್ಕೆ ಮನುಷ್ಯರ ಹೆಸರಿಡಬೇಡಿ. ಇಡಲೇಬೇಕಾದರೆ, ಆ ಮನುಷ್ಯರ ಮನೆಗೆ ಒಂದು ಸಲ ಹೋಗಿ, ಕೊಯ್ಯುವುದು ಯಾರನ್ನು ಎಂದು ಮೊದಲೇ ಹೇಳಿಬಿಡಿ.